ಚೀಟಿ ಓದೋಕೆ ಬರುತ್ತೆ, ಇನ್ನು ಡಾಕ್ಟರ್ ಯಾಕೆ?

ನಾನು ಕೋಲಾರದಲ್ಲಿ ನರ್ಸಿಂಗ್ ಓದುವಾಗ ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ಹಳೇ ಬಿಸ್ಕೆಟ್ ಡಬ್ಬಿ ಇತ್ತು. ಮೇಲೆ ಸೂಜಿ ದಾರ, ಸೇಫ್ಟಿ ಪಿನ್ನು. ಅದನ್ನ ಸರಿಸಿದರೆ ಕೆಳಗೆ ಮಾತ್ರೆಗಳು. ನಾಲ್ಕು ಪ್ಯಾರಾಸಿಟಮಾಲ್, ಎರಡು ಸೆಟ್ರಿಜಿನ್, ಒಂದೇ ಒಂದು ಅಜಿತ್ರೋಮೈಸಿನ್ ಅನ್ನೋ ಆ್ಯಂಟಿಬಯಾಟಿಕ್. ಹೆಸರು ಅರ್ಧ ಹರಿದುಹೋಗಿ ಬರೀ ‘ಫ್ಲಾಕ್ಸಸಿನ್’ ಅಂತ ಉಳಿದ ಇನ್ನೊಂದು ತುಂಡು ಸ್ಟ್ರಿಪ್. ಯಾರಿಗೆ ಗಂಟಲು ಕೆರೆದರೂ ಮೊದಲು ಆ ಡಬ್ಬಿ ಹೊರಗೆ ಬರುತ್ತಿತ್ತು. ಪಕ್ಕದ ರೂಮಿನ ಜೂನಿಯರ್‌ಗಳೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. “ಅಕ್ಕಾ, ಅಜಿತ್ರೋ ಇದ್ಯಾ?” ಉಪ್ಪು ಕೇಳಿದ ಹಾಗೆ.

ಈಗ ಅದೇ ಊರಲ್ಲಿ ನಾನು ನರ್ಸಿಂಗ್ ಮಕ್ಕಳನ್ನ ವಾರ್ಡ್‌ಗೆ ಕರೆದುಕೊಂಡು ಹೋಗುವ ಕ್ಲಿನಿಕಲ್ ಇನ್‌ಸ್ಟ್ರಕ್ಟರ್. ಬಿಸ್ಕೆಟ್ ಡಬ್ಬಿ ಹೋಗಿ ಜಿಪ್ ಇರುವ ಪೌಚ್ ಬಂದಿದೆ. ಒಳಗಿರುವ ಸಾಮಾನು ಮಾತ್ರ ಅದೇ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಬಿಎಸ್‌ಸಿ ನರ್ಸಿಂಗ್‌ನಲ್ಲಿ ಮೂರನೇ ಸೆಮಿಸ್ಟರ್‌ಗೇ ಮೈಕ್ರೋಬಯಾಲಜಿ, ಅಂದರೆ ಕ್ರಿಮಿಗಳ ಪಾಠ ಬರುತ್ತದೆ. ಔಷಧಿಗಳ ಪಾಠ ಫಾರ್ಮಕಾಲಜಿಯೂ ಅಲ್ಲಿಂದಲೇ ಶುರು. ಆ್ಯಂಟಿಬಯಾಟಿಕ್ ರೆಸಿಸ್ಟೆನ್ಸ್, ಅಂದರೆ ಮಾತ್ರೆಗೆ ಬ್ಯಾಕ್ಟೀರಿಯಾ ಬಗ್ಗದೆ ಹೋಗೋದರ ಬಗ್ಗೆ ಎರಡು ಪುಟ ಬರೆದು ಮಾರ್ಕ್ಸ್ ತಗೊಳ್ಳುವ ಹುಡುಗಿಯೇ ಅದೇ ರಾತ್ರಿ ಗಂಟಲು ನೋವಿಗೆ ಅಜಿತ್ರೋ ನುಂಗಿ ಮಲಗುತ್ತಾಳೆ. ಗೊತ್ತಿಲ್ಲದೆ ಮಾಡುವವರಿಗೆ ಹೇಳಿಕೊಡಬಹುದು. ಗೊತ್ತಿದ್ದೂ ಮಾಡುವವರಿಗೆ ಏನು ಹೇಳೋದು? ನನ್ನ ಪ್ರಕಾರ ಅವರಿಗೆ ಗೊತ್ತಿರುವುದರಲ್ಲೇ ಒಂದು ತುಂಡು ಕಾಣೆಯಾಗಿದೆ. ಅದು ಯಾವುದು ಅಂತ ಹೇಳೋಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಅವರ ಕಷ್ಟ ಕೇಳಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಪರೀಕ್ಷೆಗೆ ಕೂರಲು 80 ಪರ್ಸೆಂಟ್ ಹಾಜರಾತಿ ಬೇಕು. ಡಿಗ್ರಿ ಕೈಗೆ ಬರುವ ಮುಂಚೆ ಪ್ರಾಕ್ಟಿಕಲ್ ಹಾಜರಾತಿ 100 ಪರ್ಸೆಂಟ್ ಆಗಿರಬೇಕು. ಅಂದರೆ ಜ್ವರ ಅಂತ ಮೂರು ದಿನ ಪೋಸ್ಟಿಂಗ್, ಅಂದರೆ ವಾರ್ಡ್ ಕೆಲಸ ತಪ್ಪಿಸಿದರೆ ಆ ಮೂರು ದಿನವನ್ನ ಇನ್ನೊಮ್ಮೆ ತುಂಬಿಕೊಡಬೇಕು. ಅದೂ ಎಲ್ಲರೂ ರಜೆಗೆ ಊರಿಗೆ ಹೋದಾಗ. ಇನ್ನು ಡಾಕ್ಟರ್‌ಗೆ ತೋರಿಸೋಣ ಅಂದರೆ ಒಪಿಡಿ ನಡೆಯುವ ಹೊತ್ತಲ್ಲೇ ಅವಳ ಡ್ಯೂಟಿ. ಬಿಳಿ ಕೋಟು ಹಾಕಿಕೊಂಡು ರೋಗಿಗಳ ಸಾಲಲ್ಲಿ ನಿಲ್ಲೋಕೆ ಒಂಥರಾ ಆಗುತ್ತದೆ. ಉರಿಮೂತ್ರ, ಬಿಳಿ ಸೆರಗು ಇಂಥದ್ದಾದರೆ ಕೇಳಲೇಬೇಡಿ. ನಾಳೆ ಅದೇ ಡಾಕ್ಟರ್ ಜೊತೆ ರೌಂಡ್ಸ್‌ನಲ್ಲಿ ನಿಲ್ಲಬೇಕಲ್ಲ.

ಇಷ್ಟೆಲ್ಲ ಆದಮೇಲೆ ಗೇಟಿನ ಎದುರಿನ ಮೆಡಿಕಲ್ ಶಾಪೇ ಹತ್ತಿರ. ಅಲ್ಲಿ ಬಿಳಿ ಕೋಟೇ ಚೀಟಿ. “ನಿಮಗೆ ಗೊತ್ತಿರುತ್ತಲ್ಲ ಸಿಸ್ಟರ್” ಅಂತ ಅಂಗಡಿಯವರು ಕೊಟ್ಟುಬಿಡುತ್ತಾರೆ.

ಐದು ‘ಸರಿ’ಗಳು, ಕಾಣೆಯಾದ ಆರನೆಯದು

ನರ್ಸಿಂಗ್ ಮಕ್ಕಳನ್ನ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಫೈವ್ ರೈಟ್ಸ್ ಹೇಳುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಡೋಸು, ಸರಿಯಾದ ದಾರಿ (ಬಾಯಿಗೋ, ಇಂಜೆಕ್ಷನ್ನೋ), ಸರಿಯಾದ ಸಮಯ. ಮಾತ್ರೆ ಕೊಡುವ ಮುಂಚೆ ಈ ಐದನ್ನೂ ನೋಡಲೇಬೇಕು. ಆದರೆ ಒಂದು ಗಮನಿಸಿ. ಈ ಐದರಲ್ಲಿ ‘ಯಾಕೆ’ ಅನ್ನೋದೇ ಇಲ್ಲ. ಯಾಕೆ ಕೊಡಬೇಕು ಅಂತ ಬೇರೆ ಯಾರೋ ಆಗಲೇ ತೀರ್ಮಾನ ಮಾಡಿರುತ್ತಾರೆ. ನಮ್ಮ ಕೆಲಸ ಶುರುವಾಗೋದೇ ಅದಾದ ಮೇಲೆ. ಆಮೇಲಾಮೇಲೆ ಬಂದ ಉದ್ದ ಪಟ್ಟಿಗಳಲ್ಲಿ ‘ಸರಿಯಾದ ಕಾರಣ’ ಅಂತಲೂ ಸೇರಿಸಿದ್ದಾರೆ. ಬಾಯಿಪಾಠ ಆಗಿರುವುದು ಮಾತ್ರ ಹಳೇ ಐದು.

ಮೆಡಿಸಿನ್ ವಾರ್ಡ್‌ನಲ್ಲಿ ಅಕ್ಕಪಕ್ಕದ ಎರಡು ಬೆಡ್ ನೆನಪಿಸಿಕೊಳ್ಳಿ. ಇಬ್ಬರಿಗೂ 103 ಡಿಗ್ರಿ ಜ್ವರ. ಒಬ್ಬರ ಕೇಸ್ ಶೀಟ್‌ನಲ್ಲಿ ಸೆಫ್‌ಟ್ರಯಾಕ್ಸೋನ್ ಅನ್ನೋ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಬರೆದಿದೆ. ಇನ್ನೊಬ್ಬರಿಗೆ ಪ್ಯಾರಾಸಿಟಮಾಲ್ ಮತ್ತು ಡ್ರಿಪ್ ಅಷ್ಟೇ. ಮಕ್ಕಳಿಗೆ ಕಾಣೋದು ಇಷ್ಟು. ಮೊದಲನೆಯವರಿಗೆ ಜ್ವರ ಬಂದು ಎಂಟು ದಿನವಾಗಿದೆ, ಟೈಫಾಯ್ಡ್ ಅನುಮಾನದಲ್ಲಿ ರಕ್ತದಲ್ಲಿ ಕ್ರಿಮಿ ಬೆಳೆಯುತ್ತಾ ಅಂತ ನೋಡೋಕೆ ಬ್ಲಡ್ ಕಲ್ಚರ್ ಕಳಿಸಿದ್ದಾರೆ, ಎರಡನೆಯವರಿಗೆ ಡೆಂಗ್ಯೂ ಟೆಸ್ಟ್ ಪಾಸಿಟಿವ್ ಬಂದಿದೆ, ಪ್ಲೇಟ್‌ಲೆಟ್ ನೋಡುತ್ತಿದ್ದಾರೆ ಅನ್ನೋದು ಡಾಕ್ಟರ್ ತಲೆಯಲ್ಲಿ ನಡೆದ ಲೆಕ್ಕ. ಲೆಕ್ಕದ ಕೊನೆಯ ಸಾಲು ಮಾತ್ರ ಚೀಟಿಗೆ ಬರುತ್ತದೆ. ಆ ಕೊನೆಯ ಸಾಲನ್ನೇ ದಿನಾ ನೂರು ಸಲ ನೋಡಿದವರಿಗೆ ಲೆಕ್ಕವೇ ಬಂದುಬಿಟ್ಟಿತು ಅನ್ನಿಸುತ್ತದೆ. ಪಕ್ಕದವಳ ಉತ್ತರ ನೋಡಿ ಬರೆದ ಹಾಗೆ. ನಿಮ್ಮ ಪೇಪರ್‌ನಲ್ಲಿ ಪ್ರಶ್ನೆ ಬೇರೆ ಇದ್ದರೆ?

ಇದು ದೊಡ್ಡವರಿಗೂ ಗೊತ್ತಿದೆ. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಡಾಕ್ಟರ್‌ಗಳಿಗೇ ಒಂದು ಪತ್ರ ಬರೆದರು. ಆ್ಯಂಟಿಬಯಾಟಿಕ್ ಬರೆಯುವಾಗ ಯಾವ ಕಾರಣಕ್ಕೆ ಅಂತ ಚೀಟಿಯಲ್ಲೇ ನಮೂದಿಸಿ ಅಂತ. ಎಲ್ಲರೂ ಹಾಗೆ ಬರೆಯೋಕೆ ಶುರುಮಾಡಿದರೆ ನನ್ನ ಪಾಠ ಅರ್ಧ ಸುಲಭವಾಗುತ್ತದೆ.

ಮಾತ್ರೆ ಎಲ್ಲಿಗೆ ಹೊಡೆಯುತ್ತದೆ

ಬ್ಯಾಕ್ಟೀರಿಯಾ ಅಂದರೆ ಒಂದೇ ಕೋಣೆಯ ಮನೆ ಅಂದುಕೊಳ್ಳಿ. ಸುತ್ತ ಗೋಡೆ ಇದೆ. ಒಳಗೆ ಪ್ರೋಟೀನ್ ತಯಾರಿಸುವ ಒಲೆ ಇದೆ. ಮನೆಯ ನಕ್ಷೆ, ಅಂದರೆ ಡಿಎನ್ಎ ಇದೆ. ಪೆನ್ಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಗೋಡೆ ಕಟ್ಟೋಕೆ ಬಿಡುವುದಿಲ್ಲ. ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್ ಒಲೆ ಆರಿಸುತ್ತವೆ. ಸಿಪ್ರೋಫ್ಲಾಕ್ಸಸಿನ್, ಲೆವೋಫ್ಲಾಕ್ಸಸಿನ್ ನಕ್ಷೆಯ ನಕಲು ತೆಗೆಯೋಕೆ ಅಡ್ಡ ಹಾಕುತ್ತವೆ.

ವೈರಸ್‌ಗೆ ಗೋಡೆಯೂ ಇಲ್ಲ, ಒಲೆಯೂ ಇಲ್ಲ. ಅದು ನಮ್ಮ ಮನೆಗೇ ನುಗ್ಗಿ ನಮ್ಮ ಒಲೆಯಲ್ಲೇ ಬೇಯಿಸಿಕೊಳ್ಳುತ್ತದೆ. ಅದಕ್ಕೇ ನೆಗಡಿ, ಫ್ಲೂ, ಡೆಂಗ್ಯೂ ಯಾವುದಕ್ಕೂ ಆ್ಯಂಟಿಬಯಾಟಿಕ್ ತಾಕುವುದಿಲ್ಲ. ಗಂಟಲು ನೋವೂ ಬಹುಪಾಲು ವೈರಸ್‌ನದೇ. ದೊಡ್ಡವರಲ್ಲಿ ಹತ್ತು ಗಂಟಲು ನೋವಿಗೆ ಹೆಚ್ಚುಕಡಿಮೆ ಒಂದು ಮಾತ್ರ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ್ದು. ಮಿಕ್ಕವು ಐದಾರು ದಿನಕ್ಕೆ ತಾವೇ ಹೋಗುತ್ತವೆ.

“ಇಲ್ಲ ಮೇಡಂ, ಅಜಿತ್ರೋ ತಗೊಂಡ್ರೆ ಮೂರೇ ದಿನಕ್ಕೆ ವಾಸಿಯಾಗುತ್ತೆ” ಅಂತ ಪ್ರತಿ ಬ್ಯಾಚಲ್ಲೂ ಒಬ್ಬಳು ಹೇಳುತ್ತಾಳೆ. ಮಾತ್ರೆ ಶುರುಮಾಡಿದ್ದು ಯಾವಾಗ ಅಂತ ನಾನು ಕೇಳುತ್ತೇನೆ. ಎರಡು ದಿನ ಸಹಿಸಿಕೊಂಡು ಮೂರನೇ ದಿನ. ಎರಡು ಮತ್ತು ಮೂರು ಐದಾಯಿತಲ್ಲ? ಕೆಲಸ ಮಾಡಿದ್ದು ದಿನಗಳು, ಹೆಸರು ಬಂದದ್ದು ಮಾತ್ರೆಗೆ.

ಹುಳ ಪಳಗೋದು ನಮ್ಮೂರಿಗೆ ಹೊಸದಲ್ಲ

ರೆಸಿಸ್ಟೆನ್ಸ್ ಅಂದರೆ ‘ನನ್ನ ದೇಹಕ್ಕೆ ಮಾತ್ರೆ ಒಗ್ಗಿಹೋಗಿದೆ’ ಅಂತ ತುಂಬಾ ಜನ ತಿಳಿದಿದ್ದಾರೆ. ಒಗ್ಗೋದು ದೇಹಕ್ಕಲ್ಲ, ಕ್ರಿಮಿಗೆ. ಇದನ್ನ ನಾನು ಪುಸ್ತಕದಿಂದ ವಿವರಿಸುವುದನ್ನ ಬಿಟ್ಟು ಎಷ್ಟೋ ವರ್ಷವಾಯಿತು. ಕೋಲಾರದ ಮಕ್ಕಳಿಗೆ ಟೊಮೆಟೊ ತೋಟ ಸಾಕು.

ಬಿಳಿ ನೊಣ ಬಂತು ಅಂತ ಔಷಧಿ ಹೊಡೆಯುತ್ತಾರೆ. ನೂರರಲ್ಲಿ ತೊಂಬತ್ತೆಂಟು ಸಾಯುತ್ತವೆ. ಉಳಿದ ಎರಡಕ್ಕೆ ಆ ಔಷಧಿ ತಡೆದುಕೊಳ್ಳುವ ಗುಣ ಹುಟ್ಟಿನಿಂದಲೇ ಇತ್ತು. ಈಗ ತೋಟ ಪೂರ್ತಿ ಅವಕ್ಕೇ. ತಿನ್ನೋಕೆ ಪೈಪೋಟಿ ಇಲ್ಲ. ಮುಂದಿನ ಸಂತಾನ ಪೂರ್ತಿ ಆ ಎರಡರ ಮಕ್ಕಳು. “ಹೋದ ವರ್ಷ ಕೆಲಸ ಮಾಡಿತ್ತು, ಈ ಸಲ ಹುಳ ಪಳಗಿಬಿಟ್ಟಿದೆ” ಅಂತ ಅಪ್ಪ ಹೇಳಿದ್ದನ್ನ ಅರ್ಧ ಕ್ಲಾಸು ಕೇಳಿರುತ್ತದೆ. ನಮ್ಮ ಕಡೆ ಗಿಡಕ್ಕೆ ಹೊಡೆಯೋದಕ್ಕೂ ಮನುಷ್ಯ ನುಂಗೋದಕ್ಕೂ ಒಂದೇ ಮಾತು ನೋಡಿ, ಔಷಧಿ.

ಬಿಳಿ ನೊಣಕ್ಕೆ ಒಂದು ತಲೆಮಾರು ಅಂದರೆ ಕೆಲವು ವಾರ. ಹೊಟ್ಟೆಯಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾಗೆ ಎಲ್ಲ ಅನುಕೂಲ ಇದ್ದರೆ ಇಪ್ಪತ್ತೇ ನಿಮಿಷ. ಜೊತೆಗೆ ಹುಳಕ್ಕೆ ಬಾರದ ಒಂದು ವಿದ್ಯೆ ಇವಕ್ಕೆ ಬರುತ್ತದೆ. ಔಷಧಿ ತಡೆದುಕೊಳ್ಳುವ ಗುಣವನ್ನ ಒಂದು ಸಣ್ಣ ಡಿಎನ್ಎ ಉಂಗುರದಲ್ಲಿ ಬರೆದು ಪಕ್ಕದ ಬ್ಯಾಕ್ಟೀರಿಯಾಗೆ ದಾಟಿಸುತ್ತವೆ. ಅದಕ್ಕೆ ಪ್ಲಾಸ್ಮಿಡ್ ಅನ್ನುತ್ತಾರೆ. ಪರೀಕ್ಷೆ ಹಾಲಲ್ಲಿ ಚೀಟಿ ಪಾಸ್ ಮಾಡಿದ ಹಾಗೆ. ತಗೊಳ್ಳುವವರು ಅದೇ ಜಾತಿಯ ಬ್ಯಾಕ್ಟೀರಿಯಾ ಆಗಿರಬೇಕು ಅಂತಲೂ ಇಲ್ಲ. ಆ ಚೀಟಿಯಲ್ಲಿ ಏನಿರುತ್ತದೆ? ಮಾತ್ರೆಯನ್ನ ತುಂಡರಿಸುವ ಕಿಣ್ವ ಮಾಡೋದು ಹೇಗೆ, ಒಳಗೆ ಬಂದ ಔಷಧಿಯನ್ನ ಪಂಪ್ ಮಾಡಿ ಆಚೆ ಹಾಕೋದು ಹೇಗೆ, ಇಂಥವು.

ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್‌ಗೆ ಇದು ಮೊದಲೇ ಹೊಳೆದಿತ್ತು. 1945ರ ಡಿಸೆಂಬರ್‌ನಲ್ಲಿ ನೊಬೆಲ್ ಭಾಷಣ ಮಾಡುವಾಗ ಅವರು ಒಂದು ಕಲ್ಪನೆಯ ಕಥೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನ್ಸಿಲಿನ್ ಕೊಂಡು ತಗೊಳ್ಳುತ್ತಾನೆ. ಕ್ರಿಮಿ ಸಾಯುವಷ್ಟು ಅಲ್ಲ, ಅದು ಪಾಠ ಕಲಿಯುವಷ್ಟು. ಆಮೇಲೆ ಆ ಪಳಗಿದ ಕ್ರಿಮಿ ಹೆಂಡತಿಗೆ ಅಂಟುತ್ತದೆ. ಅವಳಿಗೆ ನ್ಯುಮೋನಿಯಾ. ಪೆನ್ಸಿಲಿನ್ ಕೊಟ್ಟರೂ ಕೆಲಸ ಮಾಡುವುದಿಲ್ಲ, ಅವಳು ಸಾಯುತ್ತಾಳೆ. ಗಂಟಲು ನೋವು, ಚೀಟಿ ಇಲ್ಲ, ಅರ್ಧ ಡೋಸು. ನಮ್ಮ ಬಿಸ್ಕೆಟ್ ಡಬ್ಬಿ ನೋಡಿಕೊಂಡೇ ಹೇಳಿದ ಹಾಗಿದೆ ಅಲ್ವಾ?

ಈಗ ಅದು ಕಥೆಯಾಗಿ ಉಳಿದಿಲ್ಲ. 2019ರಲ್ಲಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಸಾವಿಗೆ ಇಂಥ ಪಳಗಿದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಅಂತ 2022ರಲ್ಲಿ ಬಂದ ದೊಡ್ಡ ಅಂದಾಜು ಹೇಳುತ್ತದೆ.

ಹೆಪ್ಪಾಗದ ಹಾಲು

ಹಸು ಇರುವ ಮನೆಯಿಂದ ಬಂದ ಮಕ್ಕಳಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಕೆಚ್ಚಲು ಬಾವು ಬಂದು ಡಾಕ್ಟರ್ ಇಂಜೆಕ್ಷನ್ ಕೊಟ್ಟಮೇಲೆ ಒಂದಷ್ಟು ದಿನ ಡೈರಿಗೆ ಹಾಲು ಹಾಕಬಾರದು. ಆ ಹಾಲಿಗೆ ಮನೆಯಲ್ಲಿ ಹೆಪ್ಪು ಹಾಕಿ ನೋಡಿದವರೂ ಇದ್ದಾರೆ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ, ಇಲ್ಲಾ ನೀರು ನೀರಾಗಿ ಒಡೆದಿರುತ್ತದೆ. ಮೊಸರು ಮಾಡೋದು ಬ್ಯಾಕ್ಟೀರಿಯಾ. ಹಾಲಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ ಅದನ್ನ ಸಾಯಿಸಿದೆ. ಕೆಚ್ಚಲಿನ ಕ್ರಿಮಿಗೆ ಅಂತ ಹಾಕಿದ ಔಷಧಿ ಪಾತ್ರೆಯ ಹೆಪ್ಪಿಗೂ ಹೊಡೆಯಿತು.

ನಮ್ಮ ಕರುಳೂ ಆ ಪಾತ್ರೆಯ ಹಾಗೆಯೇ. ಗಂಟಲಿಗೆ ಅಂತ ನುಂಗಿದ ಮಾತ್ರೆಗೆ ಗಂಟಲು ಎಲ್ಲಿದೆ ಅಂತ ಗೊತ್ತಿಲ್ಲ. ರಕ್ತದಲ್ಲಿ ಎಲ್ಲ ಕಡೆ ಹೋಗುತ್ತದೆ. ಕರುಳಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತವೆ, ಅದಕ್ಕೇ ಭೇದಿ ಆಗುತ್ತದೆ. ಅಲ್ಲಿ ಪಳಗಿದ ನಾಲ್ಕು ಇದ್ದರೆ ಅವಕ್ಕೆ ಜಾಗ ಖಾಲಿಯಾಗುತ್ತದೆ. ಇದು ಎಷ್ಟು ದಿನ ಉಳಿಯುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಒಂದು ಸಲ ಆ್ಯಂಟಿಬಯಾಟಿಕ್ ತಗೊಂಡವರ ಮೈಯಲ್ಲಿ ಪಳಗಿದ ಬ್ಯಾಕ್ಟೀರಿಯಾ ಮೊದಲ ತಿಂಗಳು ಜಾಸ್ತಿ ಕಾಣಿಸುತ್ತವೆ. ಆಮೇಲೆ ಕಮ್ಮಿಯಾಗುತ್ತಾ ಹೋದರೂ ಒಂದು ವರ್ಷದವರೆಗೂ ಸುಳಿವು ಸಿಗುತ್ತದೆ. ಅಂದರೆ ವೈರಸ್ ಗಂಟಲು ನೋವಿಗೆ ಮಾತ್ರೆ ನುಂಗಿದವಳು ‘ಏನೂ ಉಪಯೋಗ ಆಗಲಿಲ್ಲ, ಏನೂ ನಷ್ಟ ಇಲ್ಲ’ ಅಂದುಕೊಂಡರೆ ಲೆಕ್ಕ ತಪ್ಪು. ಗಂಟಲಲ್ಲಿ ಏನೂ ಆಗಲಿಲ್ಲ, ನಿಜ. ಆದದ್ದು ಕರುಳಲ್ಲಿ.

ಅಜಿತ್ರೋಮೈಸಿನ್ ವಿಷಯದಲ್ಲಿ ಇನ್ನೊಂದು ಮಾತು. ಅಮಾಕ್ಸಿಸಿಲಿನ್ ಒಂದು ಗಂಟೆಗೆಲ್ಲ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೇ ದಿನಕ್ಕೆ ಮೂರು ಸಲ. ಅಜಿತ್ರೋ ಅರ್ಧಕ್ಕೆ ಇಳಿಯೋಕೆ ಸುಮಾರು 68 ಗಂಟೆ ಬೇಕು. ಮೂರೇ ದಿನಕ್ಕೆ ಮಾತ್ರೆ ಮುಗಿಯುತ್ತದೆ, ಆದರೆ ಔಷಧಿ ಮೈಯಲ್ಲಿ ವಾರಗಟ್ಟಲೆ ಸಣ್ಣಗೆ ಉಳಿದಿರುತ್ತದೆ. ಸಾಯಿಸೋಕೆ ಸಾಲದು, ಪಳಗಿಸೋಕೆ ಧಾರಾಳ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆ್ಯಂಟಿಬಯಾಟಿಕ್‌ಗಳನ್ನ ಮೂರು ಗುಂಪು ಮಾಡಿತು. ಸಾಮಾನ್ಯ ಬಳಕೆಗೆ ಒಂದು, ಕಣ್ಣಿಟ್ಟು ಬಳಸೋಕೆ ಒಂದು, ಬೇರೆ ದಾರಿಯೇ ಇಲ್ಲದಾಗ ತೆಗೆಯೋಕೆ ಒಂದು. ಅಮಾಕ್ಸಿಸಿಲಿನ್ ಮೊದಲ ಗುಂಪಿನದು. ಅಜಿತ್ರೋಮೈಸಿನ್, ಸೆಫಿಕ್ಸಿಮ್, ಸಿಪ್ರೋಫ್ಲಾಕ್ಸಸಿನ್ ಮೂರೂ ಎರಡನೇ ಗುಂಪಿನವು. ಹಾಸ್ಟೆಲ್ ಪೌಚ್‌ಗಳಲ್ಲಿ ನನಗೆ ಸಿಗೋದು ಹೆಚ್ಚಾಗಿ ಇವೇ ಮೂರು.

ನನ್ನ ಹನ್ನೆರಡು ದಿನ

ಬೇರೆಯವರ ಬಗ್ಗೆ ಹೇಳಿದ್ದು ಸಾಕು. ಕೊನೇ ವರ್ಷದ ನೈಟ್ ಡ್ಯೂಟಿಯಲ್ಲಿ ನಾನು ನೀರು ಕುಡಿಯೋದೇ ಬಿಟ್ಟಿದ್ದೆ. ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು, ಸ್ಟಾಫ್ ಟಾಯ್ಲೆಟ್ ಕೀ ಕೇಳೋಕೆ ಸಂಕೋಚ. ಉರಿಮೂತ್ರ ಶುರುವಾಯಿತು. ಡಾಕ್ಟರ್ ಯಾಕೆ, ನನಗೇ ಗೊತ್ತಲ್ಲ? ಮೆಡಿಕಲ್‌ನಲ್ಲಿ ಸಿಪ್ರೋಫ್ಲಾಕ್ಸಸಿನ್ 500 ತಗೊಂಡೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆಯೂ ನಡೀತಿತ್ತು. ಎರಡನ್ನೂ ಒಟ್ಟಿಗೆ, ಒಂದು ಲೋಟ ಹಾಲಿನ ಜೊತೆ.

ಫಾರ್ಮಕಾಲಜಿ ಓದಿದವರು ಈಗ ತಲೆ ಚಚ್ಚಿಕೊಳ್ಳುತ್ತಿರಬಹುದು. ಸಿಪ್ರೋಫ್ಲಾಕ್ಸಸಿನ್ ಕಬ್ಬಿಣ ಕಂಡರೆ ಅಂಟಿಕೊಳ್ಳುತ್ತದೆ. ಹಾಲಿನ ಕ್ಯಾಲ್ಸಿಯಂ ಕಂಡರೂ ಅಷ್ಟೆ. ಅಂಟಿಕೊಂಡದ್ದು ಕರುಳಿನಿಂದ ರಕ್ತಕ್ಕೆ ಹೋಗುವುದಿಲ್ಲ. 500 ಮಿಲಿಗ್ರಾಂ ನುಂಗಿದೆ, ಆದರೆ ಮೈಗೆ ಹತ್ತಿದ್ದು ಎಷ್ಟೋ. ಇದನ್ನ ನಾನು ಇಂಟರ್ನಲ್ಸ್‌ನಲ್ಲಿ ಬರೆದಿದ್ದೆ. ಮಾರ್ಕ್ಸೂ ಬಂದಿತ್ತು.

ಎರಡು ದಿನಕ್ಕೆ ಉರಿ ಕಮ್ಮಿ ಅನ್ನಿಸಿತು, ನಿಲ್ಲಿಸಿದೆ. ಉಳಿದ ಆರು ಮಾತ್ರೆ ಡಬ್ಬಿಗೆ ಹೋಯಿತು. ವಾರದ ಮೇಲೆ ಗಡಗಡ ಚಳಿಜ್ವರ, ಸೊಂಟದ ಬಲಪಕ್ಕ ಮುಟ್ಟೋಕೆ ಆಗದ ನೋವು. ಸೋಂಕು ಕಿಡ್ನಿಗೆ ಏರಿತ್ತು. ಯೂರಿನ್ ಕಲ್ಚರ್ ರಿಪೋರ್ಟ್ ಬಂದಾಗ ಡ್ಯೂಟಿ ಡಾಕ್ಟರ್ ಹಾಳೆಯನ್ನ ನನ್ನ ಕೈಗೇ ಕೊಟ್ಟು “ಓದಮ್ಮ, ನಿನಗೆ ಬರುತ್ತಲ್ಲ” ಅಂದರು. ಇ. ಕೋಲಿ. ಪಕ್ಕದಲ್ಲಿ ಔಷಧಿಗಳ ಪಟ್ಟಿ. ಕೆಲಸ ಮಾಡುವುದಿಲ್ಲ ಅಂದರೆ ‘ಆರ್’, ಮಾಡುತ್ತದೆ ಅಂದರೆ ‘ಎಸ್’. ಸಿಪ್ರೋಫ್ಲಾಕ್ಸಸಿನ್ ಎದುರು ‘ಆರ್’. ನಾರ್‌ಫ್ಲಾಕ್ಸಸಿನ್, ‘ಆರ್’. ಸೆಫಿಕ್ಸಿಮ್, ‘ಆರ್’. ನೈಟ್ರೋಫ್ಯುರಾಂಟಾಯಿನ್ ಎದುರು ‘ಎಸ್’ ಇತ್ತು. ಅದೇ ಕೊಡಿ ಸರ್ ಅಂದೆ. ಅದು ಮೂತ್ರಚೀಲದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಕಿಡ್ನಿಯ ಒಳಗೆ ಸಾಕಾಗುವಷ್ಟು ಸೇರುವುದಿಲ್ಲ ಅಂದರು. ಉರಿ ಶುರುವಾದ ದಿನವೇ ಬಂದಿದ್ದರೆ ಐದು ದಿನದ ಮಾತ್ರೆಗೆ ಮುಗಿಯುತ್ತಿತ್ತು. ಈಗ ದಿನಾ ಅಮಿಕಾಸಿನ್ ಇಂಜೆಕ್ಷನ್.

ಆ ಇ. ಕೋಲಿ ನನ್ನ ಸಿಪ್ರೋದಿಂದಲೇ ಪಳಗಿತು ಅಂತ ಹೇಳೋಕಾಗಲ್ಲ. ನಮ್ಮ ದೇಶದಲ್ಲಿ ಮೂತ್ರದ ಸೋಂಕಿನ ಇ. ಕೋಲಿಗಳಲ್ಲಿ ಬಹಳಷ್ಟಕ್ಕೆ ಈ ಮಾತ್ರೆ ಮೊದಲೇ ಸಪ್ಪೆ. ಡಾಕ್ಟರ್‌ಗೆ ಅದು ಗೊತ್ತಿತ್ತು, ಅಂಗಡಿಯ ಕಟ್ಟೆಗೆ ಒರಗಿ ನಿಂತ ನನಗೆ ಗೊತ್ತಿರಲಿಲ್ಲ. ಮೂರು ದಿನದ ರಜೆ ಉಳಿಸೋಕೆ ಹೋಗಿ ಹನ್ನೆರಡು ದಿನ ಹೋಯಿತು. ಯುಗಾದಿ ರಜೆಯಲ್ಲಿ ಅದನ್ನ ತುಂಬಿಕೊಟ್ಟೆ.

ಇನ್ನೂ ಭಯ ಆಗುವ ವಿಷಯ ಟಿಬಿ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು. ವಾರ್ಡ್‌ನಲ್ಲಿ ಓಡಾಡುವ ನರ್ಸಿಂಗ್ ಮಕ್ಕಳಿಗೆ ಅದು ಅಂಟುವ ಸಾಧ್ಯತೆ ಬೇರೆ ಕಾಲೇಜಿನ ಮಕ್ಕಳಿಗಿಂತ ಜಾಸ್ತಿ. ಕೆಮ್ಮು ಹೋಗಲಿಲ್ಲ ಅಂತ ಅವಳು ಲೆವೋಫ್ಲಾಕ್ಸಸಿನ್ ತಗೊಂಡಳು ಅನ್ನಿ. ಆ ಮಾತ್ರೆ ಟಿಬಿ ಬ್ಯಾಕ್ಟೀರಿಯಾಗೂ ಹೊಡೆಯುತ್ತದೆ, ಆದರೆ ಒಂದೇ ಮಾತ್ರೆಗೆ ಅದು ಸಾಯುವುದಿಲ್ಲ. ಕೆಮ್ಮು ಸ್ವಲ್ಪ ಇಳಿಯುತ್ತದೆ. ಕಫ ಪರೀಕ್ಷೆಯಲ್ಲಿ ಸಿಗದೆ ತಪ್ಪಿಸಿಕೊಳ್ಳಬಹುದು. ರೋಗ ಒಳಗೊಳಗೇ ಬೆಳೆಯುತ್ತದೆ, ರೂಮಿನವರಿಗೂ ಅಂಟುತ್ತದೆ. ಮಾಮೂಲಿ ಔಷಧಿಗೆ ಬಗ್ಗದ ಟಿಬಿಗೆ ಆಸರೆಯಾಗಿರುವ ಮುಖ್ಯ ಮಾತ್ರೆಗಳಲ್ಲಿ ಇದೇ ಲೆವೋಫ್ಲಾಕ್ಸಸಿನ್ ಒಂದು. ಕೆಮ್ಮಿನ ಸಿರಪ್ ತಗೊಂಡ ಹಾಗೆ ತಗೊಂಡು ಅದನ್ನೇ ಕೆಡಿಸಿಕೊಂಡರೆ ಮುಂದೆ ಏನು ಕೊಡೋದು? ಟೈಫಾಯ್ಡ್‌ನಲ್ಲೂ ಇದೇ ಕಥೆ. ಮೊದಲೇ ಎರಡು ಮಾತ್ರೆ ನುಂಗಿ ಬಂದರೆ ಬ್ಲಡ್ ಕಲ್ಚರ್‌ನಲ್ಲಿ ಕ್ರಿಮಿ ಬೆಳೆಯುವುದೇ ಕಷ್ಟ. ಅಲ್ಲಿಂದ ಡಾಕ್ಟರ್ ಕೂಡ ಅಂದಾಜಿನ ಮೇಲೇ ಹೋಗಬೇಕು.

ಅಲರ್ಜಿ ವಿಷಯದಲ್ಲಿ ನಮ್ಮ ಮಕ್ಕಳನ್ನ ನೋಡಿದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ವಾರ್ಡ್‌ನಲ್ಲಿ ಇಂಜೆಕ್ಷನ್ ಮುಂಚೆ ಅಲರ್ಜಿ ಆಗುತ್ತಾ ಅಂತ ನೋಡೋಕೆ ಚೂರು ಟೆಸ್ಟ್ ಡೋಸ್ ಹಾಕಿ, ಪೆನ್ನಲ್ಲಿ ಸುತ್ತು ಬರೆದು, ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ರಾತ್ರಿ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ಗೆ ಅಮಾಕ್ಸಿಸಿಲಿನ್ ಕೊಡುವಾಗ “ನಿಂಗೆ ಯಾವುದಾದ್ರೂ ಮಾತ್ರೆ ಆಗಲ್ವಾ?” ಅಂತ ಬಾಯಿ ಮಾತಿಗೂ ಕೇಳಿರುವುದಿಲ್ಲ. ಬಾಯಿಂದ ನುಂಗಿದ್ದಕ್ಕೂ ಅಲರ್ಜಿಯಾಗಿ ಉಸಿರು ಕಟ್ಟಬಹುದು.

ಕೆಂಪು ಗೆರೆ

ಸ್ಟ್ರಿಪ್ಪಿನ ಹಿಂದೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ಇದನ್ನ ತಗೊಳ್ಳಬೇಡಿ ಅಂತ ಅದರ ಅರ್ಥ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದರ ಬಗ್ಗೆ ಪ್ರಚಾರವನ್ನೂ ಮಾಡಿತು. ಕಾನೂನಿನಲ್ಲಿ ಆ್ಯಂಟಿಬಯಾಟಿಕ್‌ಗಳು ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಚ್‌ನಲ್ಲಿವೆ. ಅವುಗಳಲ್ಲಿ ಇನ್ನೂ ಜೋಪಾನ ಬೇಕಾದವನ್ನ 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅಂತ ಬೇರೆ ಮಾಡಿದ್ದಾರೆ. ಸೆಫಿಕ್ಸಿಮ್, ಲೆವೋಫ್ಲಾಕ್ಸಸಿನ್ ಅದರಲ್ಲಿವೆ. ಎಚ್1 ಮಾತ್ರೆ ಮಾರಿದರೆ ಅಂಗಡಿಯವರು ಬರೆದ ಡಾಕ್ಟರ್ ಹೆಸರು, ವಿಳಾಸ, ರೋಗಿಯ ಹೆಸರು, ಎಷ್ಟು ಮಾತ್ರೆ ಅಂತ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ‘ಸಿಸ್ಟರ್‌ಗೆ ಗೊತ್ತಿರುತ್ತೆ’ ಅಂತ ಬರೆಯೋಕೆ ಆ ರಿಜಿಸ್ಟರ್‌ನಲ್ಲಿ ಕಾಲಂ ಇಲ್ಲ.

ಪೂರ್ತಿ ಕೋರ್ಸ್ ಮುಗಿಸಲೇಬೇಕು ಅನ್ನುವ ಮಾತಿನ ಬಗ್ಗೆಯೂ ಒಂದಿಷ್ಟು. ನಾವು ಓದುವಾಗ ಇದು ವೇದವಾಕ್ಯ. ಈಗ ಎಷ್ಟೋ ಸೋಂಕಿಗೆ ಮೊದಲಿಗಿಂತ ಕಮ್ಮಿ ದಿನವೇ ಸಾಕು ಅಂತ ಗೊತ್ತಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2022ರ ಮಾರ್ಗಸೂಚಿಯಲ್ಲಿ ಮನೆಯಲ್ಲಿದ್ದಾಗ ಬಂದ ನ್ಯುಮೋನಿಯಾಗೆ ಐದು ದಿನ ಅಂತ ಹೇಳಿದೆ. ಸಣ್ಣ ಜ್ವರಕ್ಕೆ, ವೈರಸ್ ಕೆಮ್ಮಿಗೆ ಆ್ಯಂಟಿಬಯಾಟಿಕ್ ಬೇಡವೇ ಬೇಡ ಅಂತಲೂ ಹೇಳಿದೆ. ಜಾಸ್ತಿ ದಿನ ತಗೊಂಡಷ್ಟೂ ಕರುಳಿನ ಬ್ಯಾಕ್ಟೀರಿಯಾ ಪಳಗೋಕೆ ಜಾಸ್ತಿ ದಿನ ಸಿಗುತ್ತದೆ. ಹಾಗಂತ ಟಿಬಿ ಮಾತ್ರೆಯನ್ನ ಆರು ತಿಂಗಳ ಬದಲು ಎರಡು ತಿಂಗಳಿಗೆ ಬಿಡೋ ಹಾಗಿಲ್ಲ. ಯಾವುದಕ್ಕೆ ಎಷ್ಟು ದಿನ ಅನ್ನೋದು ಮತ್ತೆ ಅದೇ ‘ಯಾಕೆ’ಗೆ ಬಂದು ನಿಲ್ಲುತ್ತದೆ. ಡಾಕ್ಟರ್ ಐದು ಬರೆದರೆ ಐದು ತಗೊಂಡು ಐದು ನುಂಗಿದರೆ ಡಬ್ಬಿಗೆ ಏನೂ ಉಳಿಯುವುದಿಲ್ಲ.

ಹಾಗಾದರೆ ರಾತ್ರಿ ಹತ್ತು ಗಂಟೆಗೆ ಜ್ವರ ಬಂದ ಹುಡುಗಿ ಏನು ಮಾಡಬೇಕು? ಅವಳಿಗೆ ನಿಜವಾಗಿ ಬರುವ ವಿದ್ಯೆ ಬಳಸಬೇಕು. ನೋಡೋದು, ಅಳೆಯೋದು, ಬರೆದಿಡೋದು. ಥರ್ಮಾಮೀಟರ್ ಇಟ್ಟು ನಾಲ್ಕು ಗಂಟೆಗೊಮ್ಮೆ ಚಾರ್ಟ್ ಹಾಕಲಿ. ಪ್ಯಾರಾಸಿಟಮಾಲ್, ನೀರು, ಗಂಜಿ. ಮೂಗು ಸೋರಿ ಕೆಮ್ಮೂ ಇದ್ದರೆ ಬಹುತೇಕ ವೈರಸ್, ಕಾಯಬಹುದು. ಕೆಮ್ಮಿಲ್ಲದೆ ಜೋರು ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವು, ಕತ್ತಿನ ಗಂಟು ನೋವು ಇದ್ದರೆ ಬೆಳಿಗ್ಗೆ ಡಾಕ್ಟರ್‌ಗೆ ತೋರಿಸಬೇಕು. ಜ್ವರ ಮೂರು ದಿನ ದಾಟಿದರೆ, ಉರಿಮೂತ್ರದ ಜೊತೆ ಚಳಿ ಬಂದರೆ, ಉಸಿರು ಮೇಲುಬ್ಬಸ ಆದರೆ, ಕೆಮ್ಮು ಎರಡು ವಾರ ದಾಟಿದರೆ ತಡ ಮಾಡಬಾರದು. ಡೆಂಗ್ಯೂ ಕಾಲದಲ್ಲಿ ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ ಕಂಡರೆ ರಾತ್ರಿಯೇ ವಾರ್ಡನ್‌ನ ಎಬ್ಬಿಸಿ ಹೊರಡಬೇಕು. ಆ ಚಾರ್ಟ್ ಕೈಯಲ್ಲಿ ಹಿಡಿದುಕೊಂಡು ಹೋದರೆ ಡಾಕ್ಟರ್ ಅರ್ಧ ಲೆಕ್ಕ ಅಲ್ಲೇ ಮಾಡಿ ಮುಗಿಸುತ್ತಾರೆ.

ಕಾಲೇಜುಗಳದ್ದೂ ತಪ್ಪಿದೆ, ನಾನೂ ಅದರಲ್ಲಿ ಸೇರಿದವಳೇ. ಪೋಸ್ಟಿಂಗ್ ಮುಗಿದಮೇಲೆ ಸಂಜೆ ಒಂದು ಗಂಟೆ ವಿದ್ಯಾರ್ಥಿಗಳಿಗೆ ಅಂತಲೇ ಒಬ್ಬ ಡಾಕ್ಟರ್ ಕೂತರೆ ಅರ್ಧ ಪೌಚ್ ಖಾಲಿಯಾಗುತ್ತದೆ. ಹುಷಾರಿಲ್ಲದ ದಿನವನ್ನ ತುಂಬಿಕೊಡೋಕೆ ಹಬ್ಬದ ರಜೆಯನ್ನೇ ಕಿತ್ತುಕೊಳ್ಳಬೇಕಾ? ನೈಟ್ ಡ್ಯೂಟಿ ಮಕ್ಕಳಿಗೆ ಟಾಯ್ಲೆಟ್ ಕೀ ಎಲ್ಲಿದೆ ಅಂತ ಮೊದಲ ದಿನವೇ ಹೇಳೋಕೆ ಏನು ಖರ್ಚು? ಈಗ ನಾನು ಹೇಳುತ್ತೇನೆ. ವಾರ್ಡ್ ತೋರಿಸುವಾಗ ಆಕ್ಸಿಜನ್ ಸಿಲಿಂಡರ್ ಆದಮೇಲೆ ಎರಡನೆಯದು ಅದೇ.

ಇನ್ನು ಆ ಪೌಚ್. ಉಳಿದ ಮಾತ್ರೆಯನ್ನ ಟಾಯ್ಲೆಟ್‌ಗೆ ಹಾಕಿ ನೀರು ಬಿಡುವವರಿದ್ದಾರೆ. ಬೆಂಗಳೂರಿನ ಕೊಳಚೆ ನೀರನ್ನ ಎರಡನೇ ಹಂತದವರೆಗೆ ಶುದ್ಧ ಮಾಡಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಕೆ.ಸಿ. ವ್ಯಾಲಿ ನೀರು ಅಂದರೆ ಇಲ್ಲಿ ಮಕ್ಕಳಿಗೂ ಗೊತ್ತು. ಆ ಹಂತದ ಶುದ್ಧೀಕರಣ ಇರುವುದು ಕೊಳೆ ತೆಗೆಯೋಕೆ, ಮಾತ್ರೆಯ ಅಂಶ ಸೋಸೋಕೆ ಅಂತ ಅದನ್ನ ಕಟ್ಟಿಲ್ಲ. ನುಂಗಿದ ಅಮಾಕ್ಸಿಸಿಲಿನ್‌ನಲ್ಲೇ ಅರ್ಧಕ್ಕಿಂತ ಜಾಸ್ತಿ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಅದರ ಮೇಲೆ ಇಡೀ ಮಾತ್ರೆಯನ್ನೂ ಚರಂಡಿಗೆ ಸೇರಿಸಬೇಕಾ? ನೀರು ಹರಿದು ಬರುವ ಕಡೆ ಇರುವ ನಮಗಾದರೂ ಅಷ್ಟು ಗೊತ್ತಾಗಬೇಕು.

ಆಸ್ಪತ್ರೆ ಕಸದ ಬಗ್ಗೆ ಇರುವ ಬಯೋಮೆಡಿಕಲ್ ವೇಸ್ಟ್ ನಿಯಮ 2016ರ ಪ್ರಕಾರ ಅವಧಿ ಮುಗಿದ, ಬೇಡವಾದ ಔಷಧಿ ಹಳದಿ ಬ್ಯಾಗ್‌ಗೆ. ಇದನ್ನೂ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಹೋದ ಬ್ಯಾಚ್‌ಗೆ ನಾನು ನಿಮ್ಮ ಹಾಸ್ಟೆಲ್ ಮಾತ್ರೆಗಳನ್ನ ವಾರ್ಡ್‌ಗೆ ತನ್ನಿ, ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದ್ದೇನೆ, ಬೈಯಲ್ಲ ಅಂದಿದ್ದೆ. ಸೋಮವಾರ ಬೆಳಿಗ್ಗೆ ಟ್ರೇ ತುಂಬಿತು. ಸೆಫಿಕ್ಸಿಮ್ ತುಂಡುಗಳು, ಹೆಸರೇ ಇಲ್ಲದ ಬಿಳಿ ಗುಂಡುಗಳು, 2021ಕ್ಕೇ ಅವಧಿ ಮುಗಿದ ಒಂದು ಸಿರಪ್. ಪಾವಗಡದ ಒಬ್ಬಳು ಎಲ್ಲರೂ ಹಾಕಿ ಮುಗಿಸುವವರೆಗೂ ಪಕ್ಕದಲ್ಲಿ ನಿಂತಿದ್ದಳು. ಆಮೇಲೆ ಕೋಟಿನ ಜೇಬಿಂದ ಮೂರು ಮಾತ್ರೆಯ ಒಂದು ಸ್ಟ್ರಿಪ್ ತೆಗೆದಳು. ಎರಡು ಗುಳಿ ಖಾಲಿ.

“ಮೇಡಂ, ಇದರಲ್ಲಿ ಒಂದೇ ಇರೋದು. ಇಟ್ಕೊಳ್ಳಲಾ?”